ಬನ್ನಿಯ ಬುಡದಲ್ಲಿ ಬಿಡಾರ ಹೂಡಿದ ಬಳ್ಳಾರಿ ಜಾಲಿಯವರಿಗೆ

ಮಹಾರಾಜಶ್ರೀ ಬಳ್ಳಾರಿ ಜಾಲಿಯವರ ಮುಳ್ಳಿನ ಸನ್ನಿಧಾನಕ್ಕೆ, ಇಬ್ರಾ ಊರಿನ ಉದ್ಯಾನದಲ್ಲಿ ಕಳೆ ಕೀಳುವ ಸ್ವಯಂಸೇವಕ ಹಮೂದ್ ಬಿನ್ ಸೈಫ್, ಗೀರುಬಿದ್ದ ಎರಡೂ ಕೈ ಎತ್ತಿ ಮಾಡುವ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳಬೇಕಾಗಿಲ್ಲ, ಕಣ್ಣಾರೆ ಕಾಣುತ್ತಿದ್ದೇವೆ. ಒಮಾನಿನ ಈ ಒಣಹಳ್ಳಕ್ಕೆ ಹಸಿರು ತರಲೆಂದು ಹಿಂದೆ ಯಾರೋ ತಮ್ಮನ್ನು ಪರದೇಶದಿಂದ ಕರೆಸಿದರಂತೆ. ನೆಂಟರಾಗಿ ಬಂದವರು ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ನೆಲದಾಳದ ನೀರನ್ನೆಲ್ಲ ತಾವೇ ಕುಡಿದು, ಇಲ್ಲಿಯ ಗಿಡಗಳಿಗೆ ಉಪವಾಸದ ಮಹತ್ವ ಕಲಿಸಿದಿರಿ. ಈಗ ಉದ್ಯಾನದಲ್ಲಿ ಉಳಿದಿರುವುದು ಒಂದೇ ಒಂದು ಹಳೆಯ ಬನ್ನಿ ಮರ. ನನ್ನ ತೊಟ್ಟಿಲು ಕಟ್ಟಿದ್ದು ಅದರ ಕೊಂಬೆಗೆ. ಅದೂ ಒಂದು ಪಕ್ಕ ಒಣಗುತ್ತಿದೆ.

ಎರಡು ವರ್ಷಗಳಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ನಾವು ಒಂಬತ್ತು ಮಂದಿ ಗುದ್ದಲಿ, ಕೊಡಲಿ ಹಿಡಿದು ತಮ್ಮ ಸೇವೆಗೆ ಹಾಜರಾಗುತ್ತಿದ್ದೇವೆ. ಒಂದು ಕಡೆ ಕಡಿದರೆ ಐದು ಕಡೆ ಚಿಗುರಿ, ನಮ್ಮ ವ್ಯಾಯಾಮಕ್ಕೆ ಕುಂದು ಬಾರದಂತೆ ನೋಡಿಕೊಂಡಿರಿ. ಕೊನೆಗೆ ಬೇರುಸಹಿತ ಅಗೆದು ಬನ್ನಿಯ ಸುತ್ತ ನೂರು ಹೆಜ್ಜೆ ಬಯಲು ಮಾಡಿದೆವು, ಖರ್ಜೂರ ತಿಂದು, ನಮ್ಮ ಏಲಕ್ಕಿ ಕಾಫಿ ಕಹ್ವಾ ಕುಡಿದು ಬೀಗಿದೆವು.

ಆದರೆ ತಮ್ಮ ರಾಯಭಾರಿ ನಮ್ಮ ಮನೆಯಲ್ಲೇ ಇದ್ದರು. ಕಡಿದ ಕೊಂಬೆಗಳನ್ನು ಕಾಯಿಸಹಿತ ಸುಡಲು ಹೊರಟಾಗ ನನ್ನ ಸೋದರತ್ತೆ ಜುವೈನಾ, "ತಿನ್ನೋ ವಸ್ತುವಿಗೆ ಬೆಂಕಿ ಇಡ್ತೀಯೇನೋ ಹಮೂದಾ? ಅಲ್ಲಾ ಮೆಚ್ತಾನಾ? ಕಾಯಿ ಬಿಡಿಸಿ ಚೀಲಕ್ಕೆ ತುಂಬು, ನನ್ನ ಆಡುಗಳಿಗೆ ಹಬ್ಬ ಆಗ್ಲಿ" ಎಂದು ಗದರಿದರು. ನಾನೂ ತುಂಬಿಕೊಟ್ಟೆ. ಚಳಿಗಾಲದಲ್ಲಿ ಅವರೇ, "ಪಾಪ, ನಿನ್ನ ತೊಟ್ಟಿಲ ಮರ ಸೊರಗಿದೆ ಕಣೋ, ಈ ಹಿಕ್ಕೆ ಗೊಬ್ಬರ ಹಾಕು" ಎಂದರು. ಹನ್ನೊಂದು ಬುಟ್ಟಿ ಹಿಕ್ಕೆಯನ್ನು ನಾನೇ ಹೊತ್ತು ಬನ್ನಿಯ ಬುಡಕ್ಕೆ ಸುರಿದು ನೀರೂ ಹನಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆಡಿನ ಹೊಟ್ಟೆಯಲ್ಲಿ ಸಂಸ್ಕಾರ ಪಡೆದ ತಮ್ಮ ಬೀಜಗಳು ಅಲ್ಲೀಗ ಮುನ್ನೂರು ಸಸಿಗಳಾಗಿ ನಿಂತಿವೆ.

ಆದ್ದರಿಂದ ತಮ್ಮಲ್ಲಿ ಬಿನ್ನಹ: ಬೇಕಾದರೆ ನನ್ನ ಮನೆಯ ಅಂಗಳ ಬಿಟ್ಟುಕೊಡುತ್ತೇನೆ, ಹಾಸಿಗೆಯನ್ನೂ ಕೊಡುತ್ತೇನೆ, ದಯವಿಟ್ಟು ಶುಕ್ರವಾರದೊಳಗೆ ಮಕ್ಕಳುಮರಿ ಸಮೇತ ಎದ್ದು, ಸಾಲಾಗಿ ನಡೆದು, ಬನ್ನಿಯ ಬುಡ ಖಾಲಿ ಮಾಡಬೇಕು. ಅತ್ತೆಗೆ ನಿಜ ಹೇಳುವ ಧೈರ್ಯ ನನಗಿಲ್ಲ. ಆ ಮರದ ಮೇಲೆ ಅವರಿಗೆ ನನಗಿಂತ ಹೆಚ್ಚು ಜೀವ.

ತಮ್ಮ ವಿಶ್ವಾಸಿ, ತಮ್ಮ ಬೀಜಗಳ ನಂಬಿಕಸ್ಥ ಹಮಾಲ,
ಹಮೂದ್ ಬಿನ್ ಸೈಫ್

ತಾ.ಕ.: ಈ ಪತ್ರವನ್ನು ತಮ್ಮ ಮುಳ್ಳಿಗೆ ಸಿಕ್ಕಿಸಲು ಬಂದಾಗ, ಅತ್ತೆ ಬನ್ನಿಯ ಬುಡದಲ್ಲಿ ಮಂಡಿಯೂರಿ ತಮ್ಮ ಸಸಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು. "ಏನ್ ನೋಡ್ತಾ ನಿಂತೆ? ತಪ್ಪು ಇಬ್ಬರದೂ. ಆ ಕಡೆಯಿಂದ ನೀನು ಶುರು ಮಾಡು" ಎಂದರು. ಶುಕ್ರವಾರದ ಕಹ್ವಾಕ್ಕೆ ತಮಗೂ ಅವರ ಆಹ್ವಾನವಿದೆ. ಕಾಯಿಸಮೇತ ಬರಬೇಕಂತೆ, ತಮಗೆ ಒಲೆಯೊಳಗೆ ಜಾಗ ಮಾಡಿದ್ದಾರೆ.