ಬಿಳಿನೊಣಗಳ ಹುನಗುಂದ ಪ್ರಯಾಣ

ಕೀಟಗಳ ಹಿಂದೆ ಬಿದ್ದವರಿಗೆ ಕೀಟಗಳಿಂದ ಬರುವ ಕಷ್ಟ ಕಡಿಮೆ. ಅವುಗಳ ಮೇಲೆ ಕನಿಕರಪಡುವವರಿಂದ ಬರುವುದೇ ಹೆಚ್ಚು. ಬೆಂಡೆ ಗಿಡಗಳಿಗೆ ಹಳದಿ ರೋಗ ಹಂಚುವ ಬಿಳಿನೊಣದ ಬೆನ್ನು ಹತ್ತುವುದು ನನ್ನ ಕೆಲಸ. ಎಳ್ಳಿಗಿಂತ ಸಣ್ಣ ಪ್ರಾಣಿ, ಮೈಗೆಲ್ಲ ಹಿಟ್ಟು ಮೆತ್ತಿಕೊಂಡಂತಿರುತ್ತದೆ. ರೋಗದ ಗಿಡದ ರಸ ಕುಡಿದು, ಬಾಯಿ ಕೂಡ ಒರೆಸಿಕೊಳ್ಳದೆ ಒಳ್ಳೆಯ ಗಿಡದ ಮೇಲೆ ಹೋಗಿ ಕೂರುತ್ತದೆ. ಇದನ್ನು ತಿಳಿಯಲು ಇಷ್ಟು ವರ್ಷ ಓದಬೇಕಿತ್ತೇ ಎಂದು ನಮ್ಮ ಅತ್ತೆ ಒಮ್ಮೆ ಕೇಳಿದ್ದರು. ಉತ್ತರ ಹೇಳಹೋಗಿ ನನಗೇ ಅನುಮಾನ ಬಂತು.

ಹೋದ ವರ್ಷ ಮರೋಳದ ಒಂದು ಹೊಲದಲ್ಲಿ ಬೆಂಡೆಗೆಲ್ಲ ಹಳದಿ ಹತ್ತಿತ್ತು. ಅಲ್ಲಿನ ನೊಣಗಳನ್ನು ರೋಗದ ಟೊಂಗೆಯ ಸಮೇತ ಬಲೆಬಟ್ಟೆಯ ಪೆಟ್ಟಿಗೆಗೆ ತುಂಬಿಕೊಂಡು ಬಾಗಲಕೋಟೆಯ ಪ್ರಯೋಗಾಲಯಕ್ಕೆ ಹೊರಟೆ. ದಾರಿಯಲ್ಲಿ ಹುನಗುಂದ; ಹುನಗುಂದದಲ್ಲಿ ಗಂಡನ ಮನೆ. ಉಣ್ಣದೆ ಹಾದುಹೋಗುವ ಧೈರ್ಯ ನನಗಿಲ್ಲ. ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟು, ಗಾಜು ತುಸು ಇಳಿಸಿ, ರೊಟ್ಟಿಗೆ ಕುಳಿತೆ.

ನಮ್ಮ ಮಾವನವರು ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುವ ಮನುಷ್ಯ. ನಾನಿನ್ನೂ ಉಣ್ಣುತ್ತಿರುವಾಗಲೇ ಒಳಗೆ ಬಂದು, ಸಮಾಧಾನದಿಂದ ಹೇಳಿದರು: “ಕಾರಿನ್ಯಾಗ ಏನೋ ಹುಳ ಸಿಕ್ಕೊಂಡಿದ್ದುವು ನೋಡವಾ. ಬಿಸಲಿಗೆ ಒದ್ದಾಡಾಕ ಹತ್ತಿದ್ದುವು. ಹಿತ್ತಲಕ ಒಯ್ದು ಬಿಟ್ಟು ಬಂದೆ.”

ಹಿತ್ತಲಲ್ಲಿ ಅತ್ತೆಯ ಬೆಂಡೆ ಇತ್ತು. ಸಂತೆಯಲ್ಲಿ ತಾವೇ ಕೂತು ಮಾರಬೇಕೆಂದು ಅವರು ಮೊದಲ ಸಲ ಹಾಕಿದ್ದ ಬೆಳೆ. ಆಗಷ್ಟೇ ಹೂ ಬಿಟ್ಟಿತ್ತು. ಎಂಜಲು ಕೈಯಲ್ಲೇ ಓಡಿದೆ. ಪೆಟ್ಟಿಗೆ ಖಾಲಿ. ಹುಳಗಳು ಹೊಸ ಜಾಗಕ್ಕೆ ಅಂಜಬಾರದೆಂದು ಮಾವನವರು ರೋಗದ ಟೊಂಗೆಯನ್ನೂ ಗಿಡಗಳ ನಡುವೆ ಇಟ್ಟಿದ್ದರು.

ಅತ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಗಿಡಗಳ ಕಡೆ ನೋಡುತ್ತ ಅಂದರು: “ನೀ ರೋಗ ಬಿಡಿಸಾಕ ಕಲ್ತಿ ಅಂದ್ಕೊಂಡಿದ್ದೆ. ತಂದು ಬಿಡಾಕ ಅಂತ ಗೊತ್ತಿರಲಿಲ್ಲ.”

ಟೊಂಗೆ ಸುಟ್ಟೆ, ನೊಣ ಅಂಟಿಕೊಳ್ಳುವ ಹಳದಿ ಹಾಳೆಗಳನ್ನು ಸಾಲಾಗಿ ಕಟ್ಟಿದೆ, ಬೇವಿನೆಣ್ಣೆ ಸಿಂಪಡಿಸಿದೆ. ಬಾಗಲಕೋಟೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಫೋನು: “ಅತ್ತಿ, ಚಿಗುರಿನ ನರ ಹೆಂಗದಾವ್ರಿ?” ಅತ್ತೆಗೆ ಬೇಸರವಾಯಿತು. “ನನ್ನ ಮೊಳಕಾಲ ನೋವು ಒಂದಿನಾ ಕೇಳಲಿಲ್ಲ. ಬೆಂಡಿ ಗಿಡದ ನರ ಕೇಳ್ತಿ.”

ಒಂದು ದಿನ ಅವರೇ ಫೋನು ಮಾಡಿದರು. “ಎಲಿ ಹಳದಿ ಆಗ್ಯಾವು.”

ಕೆಲಸ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ಏನೆಂದು ಕ್ಷಮೆ ಕೇಳುವುದೆಂದು ಬಾಯಿಪಾಠ ಮಾಡಿದೆ. ಹಿತ್ತಲಿಗೆ ನುಗ್ಗಿ ಎಲೆ ಎತ್ತಿ ಎತ್ತಿ ನೋಡಿದೆ. ಈ ರೋಗ ಬಂದರೆ ಚಿಗುರೆಲೆಯ ನರಗಳೇ ಹಳದಿ ಬಲೆಯಂತೆ ಕಾಣಬೇಕು. ಚಿಗುರು ಕಡುಹಸಿರಾಗಿತ್ತು. ಹಳದಿಯಾಗಿದ್ದವು ಬುಡದ ಹಳೆಯ ಎಲೆಗಳು ಮಾತ್ರ. ಅದರಲ್ಲೊಂದನ್ನು ಕಿತ್ತು ಅತ್ತೆಯ ಕೈಗಿಟ್ಟೆ.

“ಇದು ರೋಗ ಅಲ್ರಿ ಅತ್ತಿ, ವಯಸ್ಸು.”

“ಹಂಗಂದ್ರ ನನಗ ಬಂದದ್ದ ಅದಕ್ಕೂ ಬಂದೈತಿ,” ಎಂದು ಅತ್ತೆ ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಆ ಬೆಂಡೆ ಸಂತೆಗೂ ಹೋಯಿತು, ನನ್ನ ಚೀಲಕ್ಕೂ ಬಂತು.

ನೊಣಗಳು ಆ ಗಿಡಗಳಿಗೇಕೆ ರೋಗ ಹಂಚಲಿಲ್ಲವೋ ಖಚಿತವಾಗಿ ಹೇಳಲಾರೆ. ಬಿಸಿಲಿಗೆ ಅರೆಜೀವವಾಗಿದ್ದವೋ, ಹಾಳೆಗೆ ಅಂಟಿದವೋ. “ಉಪಕಾರ ಮರೀಲಿಲ್ಲ ನೋಡವಾ,” ಎನ್ನುತ್ತಾರೆ ಮಾವನವರು.

ಮುಂದೆ ತುಳಸಿಗೇರಿಯಲ್ಲಿ ರೈತರಿಗೆ ತರಬೇತಿ ಇತ್ತು. ನಾನು ಗಂಭೀರವಾಗಿ ಮಾತಾಡಿ ಮುಗಿಸಿದಾಗ ಹಿರಿಯರೊಬ್ಬರು ಎದ್ದು ನಿಂತರು. “ಮೇಡಮ್ಮಾರ, ಇಷ್ಟ ಸಣ್ಣ ಹುಳ ಒಂದೂರಿಂದ ಇನ್ನೊಂದೂರಿಗೆ ಹೆಂಗ ಹೋಗತೈತ್ರಿ?”

“ಗಾಳಿಯಲ್ಲಿ ಹೋಗುತ್ತದೆ, ಸಸಿಗಳ ಜೊತೆ ಹೋಗುತ್ತದೆ,” ಎಂದೆ. ವಿಜ್ಞಾನಕ್ಕೆ ಅನ್ಯಾಯವಾಗಬಾರದೆಂದು ಸೇರಿಸಿದೆ: “ಒಮ್ಮೊಮ್ಮೆ ಕಾರಿನಲ್ಲೂ ಹೋಗುತ್ತದೆ.”