ಬಸ್ರಾದ ನಾಯಕರೂ ಬಸ್ರೂರಿನ ನಾಯಕರೂ

ನನ್ನ ಮಾಮಿಯ ವಾರದಲ್ಲಿ ಆರೇ ದಿನ. ಲೋಕಕ್ಕೆಲ್ಲ ಏಳು ದಿನ ಕೊಟ್ಟ ದೇವರು ನಮ್ಮೂರು ಉರ್ವದ ಈ ಒಬ್ಬ ಹೆಂಗಸಿಗೆ ಮಾತ್ರ ಒಂದು ಕಡಿಮೆ ಮಾಡಿದನೇ ಎಂದು ನೀವು ಕೇಳಬಹುದು. ದೇವರದೇನೂ ತಪ್ಪಿಲ್ಲ. ತಪ್ಪು ನನ್ನ ಮಾಮನ, ಅಂದರೆ ನನ್ನ ತಾಯಿಯ ಅಣ್ಣನ, ಹೆಸರಿನದು. ಆದಿತ್ಯವಾರ ಕಳೆದು ಬರುವ ದಿನವನ್ನು ನಮ್ಮ ಅಜ್ಜಿ ಎತ್ತಿ ಮಗನಿಗೆ ಹೆಸರಾಗಿ ಇಟ್ಟುಬಿಟ್ಟಿದ್ದರು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಸ್ಸು ಸವೆಯುತ್ತದೆ ಎಂದು ಹೆಂಗಸರು ನಂಬಿದ್ದ ಕಾಲ. ಹಾಗಾಗಿ ಮಾಮಿಗೆ ಆ ದಿನವೇ ಇಲ್ಲ. ಅದು "ಆದಿತ್ಯವಾರದ ಮರುದಿನ".

ಗಂಡನ ಹೆಸರನ್ನು ಬೀದಿಯ ಬೇರೆ ಹೆಂಗಸರೂ ಹೇಳುತ್ತಿರಲಿಲ್ಲ, ನಿಜ. ಆದರೆ ಯಾರೂ ನಮ್ಮ ಮಾಮಿಯಷ್ಟು ದೂರ ಹೋದವರಲ್ಲ. ಉಳ್ಳಾಲದ ಆಚೆ ಕಡಲ ಬದಿಯಲ್ಲಿ ನಿಂತಿರುವ ಈಶ್ವರನಿಗೂ ಆ ಹೆಸರಿನ ಸಂಬಂಧವುಂಟು; ಮಾಮಿ ಅವನನ್ನು "ನೀರಿನ ಬದಿಯ ದೇವರು" ಎನ್ನುತ್ತಿದ್ದರು. ಮೈಗಳ್ಳರನ್ನು ಬೈಯುವ ಒಂದು ಒಳ್ಳೆಯ ಕನ್ನಡ ಪದದಲ್ಲೂ ಹೆಚ್ಚುಕಡಿಮೆ ಆ ಹೆಸರಿನ ಮೊದಲೆರಡು ಅಕ್ಷರಗಳೇ ಮೊದಲಿಗೆ ಬರುತ್ತವೆ. ಅದೂ ಅವರಿಗೆ ನಿಷಿದ್ಧ. ಇದರಿಂದ ಬಾಲ್ಯದಲ್ಲಿ ಅತ್ಯಂತ ಲಾಭ ಪಡೆದವನು ನಾನು. ಬಿಸಿಲು ಹೊಟ್ಟೆಗೆ ಬೀಳುವವರೆಗೆ ಮಲಗಿದ್ದರೂ ನನ್ನನ್ನು ಬೈಯಲು ಅವರಿಗೆ ಪದ ಸಿಗುತ್ತಿರಲಿಲ್ಲ.

ಮಾಮನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಮಾಮಿ ಹೇಳಿದ ಮೇಲೆ ಬರೆಯುತ್ತೇನೆ.

ಹಾಗಾದರೆ ಗಂಡನನ್ನು ಕರೆಯುತ್ತಿದ್ದದ್ದು ಹೇಗೆ? ಮದುವೆಯಾದ ಹೊಸತರಲ್ಲಿ "ಓ, ಕೇಳಿತಾ" ಎಂದು. ಅದಕ್ಕೆ ಮಾಮನ ಜೊತೆ ಬೀದಿಯ ಇತರ ನಾಲ್ಕು ಗಂಡಸರೂ ತಿರುಗಿ ನೋಡುತ್ತಿದ್ದರಂತೆ. ಅಷ್ಟರಲ್ಲಿ ಜರ್ಮನ್ ಯುದ್ಧ ಬಂತು. ಆಗ ಅದಕ್ಕೆ 'ಮೊದಲನೆಯ' ಎಂಬ ವಿಶೇಷಣ ಇರಲಿಲ್ಲ, ಎರಡನೆಯದೊಂದು ಉಂಟೆಂದು ಯಾರಿಗೆ ಗೊತ್ತಿತ್ತು? ಬಲೆ ಎಳೆಯುತ್ತಿದ್ದ ಮಾಮ ಪಲ್ಟನ್ ಸೇರಿ, ಹಡಗು ಹತ್ತಿ ಬಸ್ರಾ ಎಂಬ ಊರಿಗೆ ಹೋದರು. ಸಿಪಾಯಿಯಾಗಿ ಹೋದವರು ತೋಳಿನ ಮೇಲೆ ಎರಡು ಪಟ್ಟಿ ಹೊಲಿಸಿಕೊಂಡು ನಾಯಕ್ ಆಗಿ ಬಂದರು. ಸೈನ್ಯದಲ್ಲಿ ಸಿಪಾಯಿಗೆ ಪಟ್ಟಿಯಿಲ್ಲ, ಲ್ಯಾನ್ಸ್ ನಾಯಕನಿಗೆ ಒಂದು, ನಾಯಕನಿಗೆ ಎರಡು. ಮಾಮಿಗೆ ಸ್ವರ್ಗ ಸಿಕ್ಕಿದಂತಾಯಿತು. ಯುದ್ಧ ಗೆದ್ದದ್ದಕ್ಕಲ್ಲ. ಗಂಡನನ್ನು ಕರೆಯಲು ಒಂದು ಶಬ್ದ ಸಿಕ್ಕಿತಲ್ಲ! ಹೆಸರಲ್ಲ, ಹುದ್ದೆ, ಎಷ್ಟು ಸಲ ಹೇಳಿದರೂ ಆಯುಸ್ಸಿಗೆ ಧಕ್ಕೆಯಿಲ್ಲ. "ನಾಯಕ್ ಸ್ನಾನಕ್ಕೆ ಹೋಗಿದ್ದಾರೆ", "ನಾಯಕ್‌ಗೆ ಬಂಗುಡೆ ಮೀನು ಆಗುವುದಿಲ್ಲ", "ನಾಯಕ್, ಕೋಳಿ ಒಳಗೆ ಬಂತು" ಎಂದು ದಿನವಿಡೀ ಮನೆಯಲ್ಲಿ ಆ ಪದದ ಸದ್ದೇ ಸದ್ದು.

ಹುದ್ದೆ ಬಾವಿಕಟ್ಟೆಗೂ ಹೋಯಿತು. ನೆರೆಮನೆಯವರೂ ಅದೇ ಯುದ್ಧಕ್ಕೆ ಹೋಗಿ ಲ್ಯಾನ್ಸ್ ನಾಯಕರಾಗಿ ಬಂದಿದ್ದರು. ಬೆಳಿಗ್ಗೆ ನೆರೆಮನೆಯಾಕೆ ಕೊಡಪಾನ ಇಟ್ಟು ಹಗ್ಗಕ್ಕೆ ಕೈಹಾಕಿದರೆ ಮಾಮಿ ಹಿಂದಿನಿಂದ ಬಂದು ಹೇಳುವರು: "ಅಕ್ಕಾ, ಒಂದು ಪಟ್ಟಿಯವರು ಮೊದಲೋ, ಎರಡು ಪಟ್ಟಿಯವರು ಮೊದಲೋ? ನಿಮ್ಮವರ ಹತ್ತಿರ ಕೇಳಿ ಬನ್ನಿ."

ಆಕೆ ಪಾಪ, ಒಂದು ದಿನ ನಿಜವಾಗಿ ಕೇಳಿಕೊಂಡು ಬಂದರು. ಅಂದಿನಿಂದ ಮಾಮಿಯ ಕೊಡಪಾನವೇ ಮೊದಲು.

ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷಕ್ಕೆ ಮಾಮ ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಮಾಮಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬೀದಿಯವರು ಅದನ್ನು ಬಹಳ ದಿನ ಮಾತಾಡಿಕೊಂಡರು. ಚಟ್ಟ ಎತ್ತುವ ಮೊದಲು ಪೆಟ್ಟಿಗೆ ತೆರೆದು, ಪಲ್ಟನಿನಿಂದ ಕೊಟ್ಟ ಬಿಡುಗಡೆಯ ಕಾಗದವನ್ನು ತಂದು ಮಾಮನ ಅಂಗಿಯ ಕಿಸೆಯಲ್ಲಿ ಇಟ್ಟರು. ನನ್ನ ತಾಯಿ ಬೇಡವೆಂದದ್ದಕ್ಕೆ, "ಮೇಲೆ ಹೋದಲ್ಲಿ ಯಾರಾದರೂ ಕೇಳಿದರೆ ಇವರು ಎಂತ ತೋರಿಸುವುದು? ಸಿಪಾಯಿಗಳ ಸಾಲಿನಲ್ಲಿ ನಿಲ್ಲಿಸಿಯಾರು" ಎಂದರು. ಕಾಗದ ಮಾಮನ ಜೊತೆಯೇ ಹೋಯಿತು. ಆಮೇಲೆ ಮಾಮಿ ತಾವೇ ತಾಲೂಕು ಕಚೇರಿಗೆ ನಡೆದುಹೋಗಿ, ಮಾಜಿ ಸೈನಿಕರ ದಫ್ತರದಲ್ಲಿ ಸಾವನ್ನು ಬರೆಸಿ, ಹೆಬ್ಬೆಟ್ಟು ಒತ್ತಿ ಬಂದರು. ಯಾರನ್ನೂ ಜೊತೆಗೆ ಕರೆಯಲಿಲ್ಲ.

ನಾಲ್ಕು ವರ್ಷ ಎಲ್ಲ ಸರಿಯಾಗಿತ್ತು. ಆಗ ಸರಕಾರಕ್ಕೆ ಒಂದು ಬುದ್ಧಿ ಹುಟ್ಟಿತು. ತಾಲೂಕಿನಿಂದ ಯುದ್ಧಕ್ಕೆ ಹೋದವರ ಹೆಸರುಗಳನ್ನು ಮರದ ಹಲಗೆಯಲ್ಲಿ ಬರೆಸಿ ಕಚೇರಿಯ ಗೋಡೆಗೆ ತೂಗುಹಾಕುವುದು! ನೆರೆಮನೆಯ ಲ್ಯಾನ್ಸ್ ನಾಯಕರು ತಮ್ಮ ಹೆಸರು ಉಂಟೋ ಎಂದು ಪಟ್ಟಿ ನೋಡಲು ಹೋದರು. ಉಂಟು. ಮಾಮನದು ಇಲ್ಲ. ಮಾಮನ ಮನೆಯ ವಿಳಾಸದೆದುರು ಬೇರೆ ಯಾರೋ ಇದ್ದಾರೆ: 'ಬಸ್ರೂರು ನಾಯಕ್. ದರ್ಜೆ: ಸಿಪಾಯಿ.'

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೆರೆಮನೆಯ ಕೊಡಪಾನ ಮೊದಲು ಕುಳಿತಿತ್ತು.

ಮಾಮಿ ನೀರು ತರದೆ ನೇರ ನನ್ನ ಶಾಲೆಗೆ ಬಂದರು. ನಾನು ಆಗಷ್ಟೇ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಮಾಮಿ ನನ್ನನ್ನು ಕರೆಯುವುದು ಪ್ರೀತಿಯಿದ್ದರೆ 'ಮಗಾ', ಸಿಟ್ಟಿದ್ದರೆ 'ಮಾಷ್ಟ್ರೇ'.

"ಮಾಷ್ಟ್ರೇ, ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಿರಿ. ಹಲಗೆಗೆ ಬಣ್ಣ ಹಚ್ಚುವ ಮೊದಲು ಹೋಗಬೇಕು."

"ಎಂತ ಬರೆಯುವುದು ಮಾಮಿ?"

"ಇವರು ಸಿಪಾಯಿ ಅಲ್ಲ, ನಾಯಕ್ ಅಂತ."

ಬರೆದೆ. ಅವರು ಹೇಳಿದಷ್ಟೇ, ಪಟ್ಟಿಯಲ್ಲಿದ್ದ ಹೆಸರನ್ನು ಮುಟ್ಟದೆ ದರ್ಜೆಯೊಂದನ್ನೇ. ಹದಿನೈದು ದಿನದಲ್ಲಿ ಉತ್ತರ ಬಂತು. ಕಚೇರಿಯವರು ಶ್ರದ್ಧೆಯಿಂದ ಮದ್ರಾಸಿಗೆ ಬರೆದು ವಿಚಾರಿಸಿದ್ದರು. ಬಸ್ರೂರು ನಾಯಕ್ ಎಂಬ ಮನುಷ್ಯ ಆ ಪಲ್ಟನಿನಲ್ಲಿ ನಾಯಕನಾಗಿಯೂ ಇರಲಿಲ್ಲ, ಸಿಪಾಯಿಯಾಗಿಯೂ ಇರಲಿಲ್ಲ, ಹುಟ್ಟಿದ್ದಕ್ಕೇ ಆಧಾರವಿಲ್ಲ ಎಂದು ಅಲ್ಲಿಂದ ಉತ್ತರ ಬಂದಿತ್ತಂತೆ. ಆದ್ದರಿಂದ ಪಟ್ಟಿಯಿಂದ ಆ ಹೆಸರನ್ನೇ ಹೊಡೆದುಹಾಕುವ ವಿಚಾರ ಉಂಟು ಎಂದು ಕೊನೆಯಲ್ಲಿ ತಿಳಿಸಿದ್ದರು. ತೋಳಿನ ಎರಡು ಪಟ್ಟಿ ಕೇಳಲು ಹೋಗಿ ಇದ್ದ ಮಾಮನನ್ನೂ ಕಳೆದುಕೊಂಡಂತಾಯಿತು.

"ಹಾಗಾದರೆ ನನ್ನನ್ನು ಮದುವೆಯಾದದ್ದು ಯಾರು?" ಎಂದು ಮಾಮಿ ಕೇಳಿದರು. ಈ ಪ್ರಶ್ನೆಯನ್ನು ಇಂಗ್ಲಿಷಿಗೆ ಹಾಕುವುದು ಬೇಡವೆಂದು ನನಗೆ ತೋರಿತು. ರಜೆ ಹಾಕಿ ಅವರನ್ನೇ ಕಚೇರಿಗೆ ಕರೆದುಕೊಂಡು ಹೋದೆ.

ಉರ್ವದಿಂದ ನಡೆದು ಬೆವರಿ ತಲುಪಿದೆವು. ಗುಮಾಸ್ತರು ಸಾಧು ಮನುಷ್ಯರು, ಕಡತ ಹುಡುಕಿ ತೆಗೆದರು. ಅವರ ಕುಲನಾಮವೂ ನಾಯಕ್ ಎಂಬುದು ಅಲ್ಲಿ ತಿಳಿಯಿತು. ನಮ್ಮ ಜಿಲ್ಲೆಯಲ್ಲಿ ಕಲ್ಲು ಎಸೆದರೆ ಒಬ್ಬ ನಾಯಕರ ಮನೆಯ ಹಂಚಿಗೆ ಬೀಳುತ್ತದೆ. ಸೈನ್ಯದ ನಾಯಕರಲ್ಲ, ವಂಶದ ನಾಯಕರು. ನಾಲ್ಕು ವರ್ಷದ ಹಿಂದೆ ಸಾವನ್ನು ಬರೆದುಕೊಂಡದ್ದೂ ಅವರೇ. ಅಂದು ನಡೆದದ್ದು ಇಷ್ಟು. ಅವರು ಕೇಳಿದ್ದು, "ಗಂಡನ ಹೆಸರು?" ಮಾಮಿ ಹೇಳಿದ್ದು, "ನಾಯಕ್." ಗುಮಾಸ್ತರಿಗೆ ನಮ್ಮವರೇ ಎಂದು ಸಂತೋಷವಾಗಿ, "ಯಾವ ಕಡೆಯ ನಾಯಕರು?" ಎಂದಿದ್ದರು. ಮಾಮಿ ಹೆಮ್ಮೆಯಿಂದ, "ಬಸ್ರಾದ ನಾಯಕ್" ಎಂದಿದ್ದರು. ಗುಮಾಸ್ತರ ಹೆಂಡತಿಯ ತವರು ಕುಂದಾಪುರದ ಹತ್ತಿರ ಬಸ್ರೂರು. ಅವರ ಕಿವಿಗೆ ಇನ್ನಾವ ಊರು ಕೇಳಿಸಬೇಕು? 'ಬಸ್ರೂರು ನಾಯಕ್' ಎಂದು ಹೆಸರಿನ ಸಾಲಿನಲ್ಲಿ ಬರೆದರು. ದರ್ಜೆಯ ಸಾಲು ಖಾಲಿ ಉಳಿಯಿತು. ಖಾಲಿ ಬಿಡಬಾರದೆಂದು ಅಲ್ಲಿ 'ಸಿಪಾಯಿ' ಎಂದು ತುಂಬಿದರು. ಕೆಳಗೆ ಮಾಮಿಯ ಹೆಬ್ಬೆಟ್ಟು.

"ನೋಡಿ ಅಮ್ಮಾ, ನೀವೇ ಹೇಳಿದ್ದು" ಎಂದರು ಗುಮಾಸ್ತರು.

"ನಾನು ಹೇಳಿದ್ದು ಸರಿಯೇ ಉಂಟು. ನಿಮಗೆ ಕೇಳಿದ್ದು ತಪ್ಪು."

"ಈಗ ಸರಿ ಮಾಡುವ. ಆದರೆ ಹೇಳಿಕೆ ನಿಮ್ಮದು. ಬದಲಾಯಿಸುವುದಾದರೆ ನೀವೇ ಸಾಹೇಬರ ಎದುರು ಪ್ರಮಾಣ ಮಾಡಿ, ಹೆಸರು ಬೇರೆಯಾಗಿ, ದರ್ಜೆ ಬೇರೆಯಾಗಿ ಹೇಳಬೇಕು. ಇವರು ಹೇಳಿದರೆ ನಡೆಯುವುದಿಲ್ಲ" ಎಂದು ನನ್ನ ಕಡೆ ಕೈ ತೋರಿಸಿದರು. ಆಮೇಲೆ ವಾರದ ಆ ನಿಷಿದ್ಧ ದಿನದ ಹೆಸರು ಹೇಳಿ, ಅಂದು ಬನ್ನಿ ಎಂದರು.

"ಆದಿತ್ಯವಾರದ ಮರುದಿನವಾ?"

ಗುಮಾಸ್ತರು "ಅಲ್ಲಮ್ಮ" ಎಂದು ಅದೇ ದಿನದ ಹೆಸರನ್ನು ಇನ್ನೊಮ್ಮೆ ಹೇಳಿದರು.

"ಅದೇ. ಆದಿತ್ಯವಾರದ ಮರುದಿನ."

ಗುಮಾಸ್ತರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿ, ಸ್ವಲ್ಪ ಆಶ್ಚರ್ಯದಿಂದಲೇ ಒಪ್ಪಿಕೊಂಡರು.

ಹಿಂದಿರುಗುವ ದಾರಿಯಲ್ಲಿ ಬಾವುಟಗುಡ್ಡೆಯ ನೆರಳಿನಲ್ಲಿ ಕುಳಿತಾಗ ನಾನೇ ಹೇಳಿದೆ: "ಬಿಡುವ ಮಾಮಿ. ಆ ಹಲಗೆಯನ್ನು ಯಾರು ಓದುತ್ತಾರೆ? ಸಿಪಾಯಿ ಆದರೆ ಎಂತ, ನಾಯಕ್ ಆದರೆ ಎಂತ?"

"ಎರಡು ಪಟ್ಟಿ ಹೇಗೆ ಸಿಕ್ಕಿದ್ದು ಗೊತ್ತುಂಟಾ ನಿನಗೆ?" ಎಂದರು. "ಗುಂಡು ಬೀಳುವಾಗ ನೀರಿನ ಚೀಲ ಹೊತ್ತುಕೊಂಡು ಮೂರು ಸಲ ಮುಂದೆ ಹೋಗಿದ್ದಾರೆ. ಅಲ್ಲಿ ಬಿದ್ದವರು ನೀರು ನೀರು ಅಂತ ಕೂಗುತ್ತಿದ್ದರಂತೆ. ಇವರ ಹತ್ತಿರ ಸ್ವಂತದ್ದು ಅಂತ ಬೇರೆ ಎಂತ ಇತ್ತು ಮಗಾ? ದೋಣಿ ಅಪ್ಪನದ್ದು, ಮನೆ ತಂಗಿಯದ್ದು, ನಿನ್ನಮ್ಮನದ್ದು. ಆ ಪಟ್ಟಿ ಒಂದೇ ಇವರದ್ದು."

ಬಾವಿಕಟ್ಟೆಯ ಜಂಬ ಎಂದು ಅಷ್ಟು ವರ್ಷ ನಗುತ್ತಿದ್ದ ನನಗೆ ನಾಚಿಕೆಯಾಯಿತು.

ಹೇಳಿದ ದಿನ ಹೋದೆವು. ಮಾಮಿ ಮಾಮನ ಕೊಡೆ ಹಿಡಿದುಕೊಂಡಿದ್ದರು. ಸಾಹೇಬರು ಮದ್ರಾಸಿನ ಕಡೆಯವರು, ವಯಸ್ಸಾದವರು, ಕನ್ನಡ ಕಲಿತು ನಿಧಾನವಾಗಿ ಮಾತಾಡುತ್ತಿದ್ದರು. ಪ್ರಮಾಣ ಆಯಿತು. ದರ್ಜೆ ಕೇಳಿದಾಗ ಮಾಮಿ ಎದೆಯೆತ್ತಿ "ನಾಯಕ್" ಎಂದರು. ಹೆಸರು ಕೇಳಿದಾಗ ಮೊದಲು "ಆದಿತ್ಯವಾರದ ಮರುದಿನ" ಎಂದು ನೋಡಿದರು. ಸಾಹೇಬರು ಅದು ಸತ್ತ ದಿನವೆಂದು ತಿಳಿದು ಬರೆದುಕೊಳ್ಳಲು ಹೊರಟರು. ಆಮೇಲೆ "ನೀರಿನ ಬದಿಯ ದೇವರು" ಎಂದರು. ನಾನು ಹೆಸರು ಬರೆದ ಚೀಟಿ ಮುಂದಿಟ್ಟೆ. ಸಾಹೇಬರು ಅದನ್ನು ಪಕ್ಕಕ್ಕೆ ಸರಿಸಿದರು. ಗುಮಾಸ್ತರು ಬಗ್ಗಿ ಅವರ ಕಿವಿಯಲ್ಲಿ ಹೆಂಗಸರ ನಂಬಿಕೆಯನ್ನು ವಿವರಿಸಿದರು.

ಸಾಹೇಬರು ಲೇಖನಿ ಕೆಳಗಿಟ್ಟರು. ಗದರಲಿಲ್ಲ.

"ಅಮ್ಮಾ, ಅವರು ಹೋಗಿ ನಾಲ್ಕು ವರ್ಷವಾಯಿತು. ಇನ್ನು ಯಾರ ಆಯುಸ್ಸು ಕಡಿಮೆಯಾಗುತ್ತದೆ?"

ಮಾಮಿ ಅವರನ್ನೇ ನೋಡುತ್ತ ನಿಂತರು. ಈ ಲೆಕ್ಕವನ್ನು ಅವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಮಾಮ ಬಸ್ರಾದಲ್ಲಿದ್ದ ಅಷ್ಟೂ ವರ್ಷ ಹೆಸರು ಹೇಳದೆ ಹೇಳದೆ ಅವರನ್ನು ಜೀವಂತ ವಾಪಸು ತರಿಸಿಕೊಂಡವರು ಮಾಮಿ. ಆ ಕಾವಲನ್ನು ಆಮೇಲೆಯೂ ಬಿಟ್ಟಿರಲಿಲ್ಲ. ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನಗೂ ಕೇಳಿಸದಷ್ಟು ಸಣ್ಣಗೆ ಏನೋ ಅಂದರು.

"ಸ್ವಲ್ಪ ಗಟ್ಟಿಯಾಗಿ, ಅಮ್ಮಾ" ಎಂದರು ಸಾಹೇಬರು.

"ಸೋಮಪ್ಪ" ಎಂದರು ಮಾಮಿ. "ನಾಯಕ್ ಸೋಮಪ್ಪ."

ಗುಮಾಸ್ತರು ಬರೆದುಕೊಂಡರು. ಮಾಮಿ ಹೆಬ್ಬೆಟ್ಟು ಒತ್ತಿದರು. ಹಲಗೆಗೆ ಸರಿಯಾದ ಹೆಸರೇ ಹೋಗುತ್ತದೆ, ಆಜ್ಞೆಯ ನಕಲನ್ನು ಮುಂದಿನ ವಾರ ಇದೇ ದಿನ ತೆಗೆದುಕೊಳ್ಳಬಹುದು ಎಂದು ಸಾಹೇಬರು ಹೇಳಿ ಕೈಮುಗಿದರು. ನನಗೆ ಯುದ್ಧ ಗೆದ್ದಷ್ಟು ಸಂತೋಷ. ಹೊರಗೆ ಬಂದು, ನಾಳೆ ಬಾವಿಕಟ್ಟೆಯಲ್ಲಿ ನೆರೆಮನೆಯವರ ಮುಖ ನೋಡಬೇಕು ಎಂದೆಲ್ಲ ಮಾತಾಡುತ್ತ ಮೆಟ್ಟಿಲು ಇಳಿಯುತ್ತಿದ್ದೆ. ಮಾಮಿ ಮೇಲಿನ ಮೆಟ್ಟಿಲಿನಲ್ಲೇ ನಿಂತಿದ್ದರು.

"ನಕಲು ಯಾವತ್ತು ಕೊಡುತ್ತಾರಂತೆ?" ಎಂದು ಕೇಳಿದರು.

"ಆದಿತ್ಯವಾರದ ಮರುದಿನ ಮಾಮಿ" ಎಂದೆ ನಾನು, ಅಭ್ಯಾಸದಿಂದ.

"ಸೋಮವಾರ ಅಂತ ಹೇಳು ಮಗಾ" ಎಂದರು. "ಇನ್ನು ಎಂತಕ್ಕೆ."

ಆಮೇಲೆ ಕೊಡೆಯನ್ನು ಮಡಿಲಲ್ಲಿಟ್ಟು ಆ ಮೆಟ್ಟಿಲ ಮೇಲೆಯೇ ಕುಳಿತರು. ಮಾಮ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, ಕಚೇರಿಗೆ ಬರುವವರು ಹೋಗುವವರೆಲ್ಲ ನೋಡುತ್ತಿರುವಾಗ, ನನ್ನ ಮಾಮಿ ಅತ್ತರು.