ಟೈಲರ್ ಮಾಸ್ತರು ಕಲ್ಲಿಗೆ ಕತ್ತರಿ ಹಾಕಿದ್ದು

"ಇವತ್ತಿಗೆ ಈ ಮನೇಲಿ ಕಲ್ಲಿನ ಜಗಳ ಮುಗೀತು ಅಂತ ತಿಳ್ಕೋ!"

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಟೈಲರ್ ಮಾಸ್ತರು ಹೀಗೆ ಘೋಷಿಸಿ, ಒಂದು ರಟ್ಟಿನ ಪೆಟ್ಟಿಗೆಯನ್ನು ಹೊಲಿಗೆ ಕೋಣೆಯ ಕಟಿಂಗ್ ಮೇಜಿನ ಮೇಲೆ ಇಟ್ಟರು. ಇಟ್ಟರು ಅನ್ನುವುದಕ್ಕಿಂತ ಪ್ರತಿಷ್ಠಾಪಿಸಿದರು ಅನ್ನಬೇಕು. ಪೆಟ್ಟಿಗೆಯಿಂದ ಹೊರಬಂದದ್ದು ರತ್ನದ ಕಲ್ಲು ಕೊಯ್ಯುವ ಪುಟ್ಟ ಗರಗಸ. ಅಂಗಡಿಯವನು ಅದನ್ನು 'ಟ್ರಿಮ್ ಸಾ' ಎಂದಿದ್ದ. ಒಂದು ಮೋಟಾರು, ಅದರ ಪಕ್ಕದಲ್ಲಿ ತಟ್ಟೆಯಂಥ ತೆಳ್ಳನೆಯ ಬ್ಲೇಡು, ಅಡಿಯಲ್ಲಿ ನೀರಿನ ಟ್ರೇ. ಬ್ಲೇಡು ಕೆಳಗೆ ನೀರಿನಲ್ಲಿ ಅಂಚು ಅದ್ದಿಕೊಂಡು ತಿರುಗುತ್ತಿರುತ್ತದೆ, ನಾವು ಮೇಲಿನಿಂದ ಕಲ್ಲನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರೆ ಸಾಕು. ಅಷ್ಟೇ! ಇಷ್ಟು ಸುಲಭದ ಕೆಲಸಕ್ಕೆ ಜನ ಯಾಕೆ ವರ್ಷಗಟ್ಟಲೆ ಕಲಿಯುತ್ತಾರೋ ಮಾಸ್ತರಿಗೆ ಅರ್ಥವಾಗಲಿಲ್ಲ.

"ಇದಕ್ಕೆ ಹಲ್ಲೇ ಇಲ್ವಲ್ರೀ?" ಎಂದರು ಹೆಂಡತಿ, ಬ್ಲೇಡನ್ನು ದೂರದಿಂದಲೇ ನೋಡಿ.

"ಹಲ್ಲು ಯಾಕೆ ಬೇಕು? ಅಂಚಿಗೆಲ್ಲ ವಜ್ರದ ಪುಡಿ ಕೂರಿಸಿದ್ದಾರೆ!"

"ವಜ್ರಾನಾ! ಮದ್ವೆಯಾಗಿ ಇಪ್ಪತ್ತೇಳು ವರ್ಷ ಆಯ್ತು. ನನ್ನ ಕಿವಿಗೆ ಬರದ ವಜ್ರ ಗರಗಸಕ್ಕೆ ಬಂತಾ?"

"ಕೈಗೆಟುಕೋ ಬೆಲೆಗೆ ಸಿಕ್ತು ಕಣೇ..."

"ಸರಿ ಸರಿ. ಕಲ್ಲು ಕೊಡೋ ಮುಂಚೆ ಇನ್ನೊಂದ್ಸಲ ಕೇಳ್ತೀನಿ. ನಿಮ್ಮ ಕೈಲಾಗುತ್ತಾ?"

ಮಾಸ್ತರು ಮೀಸೆಯ ಮೇಲೆ ಕೈಯಾಡಿಸಿದರು. "ಮೂವತ್ತೈದು ವರ್ಷದಿಂದ ಕತ್ತರಿ ಹಿಡಿದ ಕೈ ಇದು! ಜಾರೋ ರೇಷ್ಮೇನೇ ನನ್ನ ಮುಂದೆ ಅಲ್ಲಾಡದೆ ಕೂರುತ್ತೆ. ಕಲ್ಲು ಪಾಪ, ಜಾರೋದೂ ಇಲ್ಲ, ಸುಕ್ಕಾಗೋದೂ ಇಲ್ಲ. ಒಂದೆಳೆ ವ್ಯತ್ಯಾಸ ಬಂದ್ರೆ ಕೇಳು!"

ಈ ಕಲ್ಲಿನ ಕಥೆ ಸ್ವಲ್ಪ ಹೇಳಬೇಕು. ಮಾಸ್ತರ ಮಾವ ರಸ್ತೆ ಕೆಲಸದ ಮೇಸ್ತ್ರಿಯಾಗಿದ್ದವರು. ಒಂದು ದಿನ ಜಲ್ಲಿಯ ರಾಶಿಯಲ್ಲಿ ಮುಷ್ಟಿಗಾತ್ರದ ಕೆಂಪು ಕಲ್ಲೊಂದು ಕಣ್ಣಿಗೆ ಬಿತ್ತು. ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು. ಹಿರಿಮಗಳನ್ನು ಕರೆದು "ಇದು ನಿನಗೇ ಕಣಮ್ಮಾ" ಎಂದರು. ಇನ್ನೊಂದು ದಿನ ಕಿರಿಮಗಳನ್ನು, ಅಂದರೆ ಮಾಸ್ತರ ಹೆಂಡತಿಯನ್ನು, ಕರೆದು ಅದೇ ಮಾತನ್ನು, ಅಷ್ಟೇ ಪ್ರೀತಿಯಿಂದ ಹೇಳಿದರು. ಆಮೇಲೆ ಹೆಚ್ಚಿನ ವಿವರಣೆ ಕೊಡದೆ ತೀರಿಕೊಂಡರು.

ಅಲ್ಲಿಂದ ಶುರುವಾದ ಜಗಳಕ್ಕೆ ಈಗ ಇಪ್ಪತ್ತು ವರ್ಷ. ಕೊನೆಗೆ ಒಂದು ಒಪ್ಪಂದವೂ ಆಗಿತ್ತು. ಕಲ್ಲು ಆರು ತಿಂಗಳು ಅಕ್ಕನ ಮನೆಯಲ್ಲಿ, ಆರು ತಿಂಗಳು ತಂಗಿಯ ಮನೆಯಲ್ಲಿ. ಅಕ್ಕ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ಜೀವನವಿಡೀ ತೂಕ ಮಾಡಿದವರು. ಕೈಚೀಲದಲ್ಲೇ ಒಂದು ಪುಟ್ಟ ತೂಕದ ಯಂತ್ರ ಇಟ್ಟುಕೊಂಡು ಓಡಾಡುತ್ತಾರೆ. ಕಲ್ಲು ಮನೆ ಬದಲಾಯಿಸುವಾಗಲೆಲ್ಲ ಅದನ್ನು ತೂಗಿ, ಮುನ್ನೂರ ಹದಿನೆಂಟು ಗ್ರಾಂ ಬಂದರೆ ಮಾತ್ರ ತಂಗಿಯ ಜೊತೆ ಮಾತು. ಅವರ ಬೆನ್ನ ಹಿಂದೆ ಮಾಸ್ತರು ಅವರನ್ನು 'ತಕ್ಕಡಿ ಅತ್ತಿಗೆ' ಎನ್ನುತ್ತಾರೆ. ಎದುರಿಗೆ ಬರೀ ಅತ್ತಿಗೆ.

ಕಲ್ಲನ್ನು ಎರಡು ಸಮಭಾಗ ಮಾಡುವ ವಿಷಯ ತಿಳಿಸಿದಾಗ ತಕ್ಕಡಿ ಅತ್ತಿಗೆ ಫೋನಿನಲ್ಲಿ, "ಆಗ್ಲಿ. ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ಆದ್ರೆ ಒಂದೇ ಒಂದು ಗ್ರಾಂ ಹೆಚ್ಚುಕಮ್ಮಿ ಆದ್ರೂ ಎರಡು ಭಾಗಾನೂ ನನ್ನದೇ!" ಎಂದಿದ್ದರು.

"ಹಾಗೇನಾದ್ರೂ ಆದ್ರೆ," ಎಂದು ಹೆಂಡತಿ ಆ ಕಲ್ಲನ್ನು ಸೆರಗಿನಲ್ಲಿ ಒರೆಸಿ, ಮಾಸ್ತರ ಅಂಗೈಯಲ್ಲಿಟ್ಟು ಹೇಳಿದರು, "ಕಲ್ಲಿನ ಜೊತೆ ನೀವೂ ಅಕ್ಕನ ಮನೆಗೇ ಹೋಗಿಬಿಡಿ."

ಮೊದಲು ಒಂದು ಪ್ರಯೋಗ ನಡೆಯಿತು. ಬಾಗಿಲಿಗೆ ಅಡ್ಡ ಇಡುತ್ತಿದ್ದ ಕಲ್ಲನ್ನು ಬ್ಲೇಡಿಗೆ ಕೊಟ್ಟರು. ಝುಯ್ಯ್! ಐದೇ ನಿಮಿಷದಲ್ಲಿ ಅದು ಎರಡಾಯಿತು. ಆಹಾ, ಕೊಯ್ದ ಮುಖ ಎಷ್ಟು ನುಣುಪು! ಮಾಸ್ತರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೂಕುಂಡದ ಬೆಣಚುಕಲ್ಲು ಎರಡಾಯಿತು. ಒಡೆದ ಟೈಲ್ಸಿನ ತುಂಡು ನಾಲ್ಕಾಯಿತು. ಬಚ್ಚಲುಮನೆಯಿಂದ ಹೆಂಡತಿ ಹಿಮ್ಮಡಿ ಉಜ್ಜುವ ಕಲ್ಲು ಬಂದು, ಅದೂ ಎರಡಾಗಿ ಹಿಂದಿರುಗಿತು.

"ಅಯ್ಯೋ, ಇದ್ಯಾಕ್ರೀ!"

"ಕಾಲೆರಡಿಲ್ವಾ? ಒಂದೊಂದಕ್ಕೆ ಒಂದೊಂದು!"

"ಇನ್ನು ಮನೆ ಅಡಿಪಾಯದ ಕಲ್ಲೊಂದು ಉಳಿದಿದೆ. ಅದನ್ನ ಬಿಟ್ಬಿಡಿ," ಎಂದು ಹೆಂಡತಿ ಅಡುಗೆಮನೆಗೆ ಹೋದರು.

ಏಕಾಗ್ರತೆಗೆ ಭಂಗ ಬರಬಾರದೆಂದು ಮಾಸ್ತರು ಕೋಣೆಯ ಬಾಗಿಲು ಹಾಕಿ ಚಿಲಕ ಜಡಿದರು. ಕಣ್ಣಿಗೆ ರಕ್ಷಣೆ ಬೇಕೆಂದು ಯಂತ್ರದ ಪುಸ್ತಕದಲ್ಲಿ ಬರೆದಿತ್ತು, ಅದಕ್ಕೆ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡರು. ಆಮೇಲೆ ಮೂವತ್ತೈದು ವರ್ಷದ ಅಭ್ಯಾಸ ಸುಮ್ಮನಿರಲಿಲ್ಲ. ಟೇಪು ತೆಗೆದು ಕಲ್ಲಿನ ಎದೆ, ಸೊಂಟ, ಉದ್ದದ ಅಳತೆ ತೆಗೆದರು. ಗಿರಾಕಿಗಳ ಪುಸ್ತಕದಲ್ಲಿ 'ಮಾವನ ಕಲ್ಲು, ಭಾನುವಾರ ನಾಲ್ಕಕ್ಕೆ ಡೆಲಿವರಿ' ಎಂದು ಬರೆದುಕೊಂಡರು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಕಲ್ಲಿನ ಸುತ್ತ ನಟ್ಟನಡುವೆ ಒಂದು ಗೆರೆ ಎಳೆದರು. ಎಂಥ ಗೆರೆ! ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು.

ಸ್ವಿಚ್ಚು ಒತ್ತಿದರು. ಬ್ಲೇಡು ನೀರು ಚಿಮ್ಮಿಸುತ್ತ ತಿರುಗಿತು. ಕಲ್ಲು ಅದಕ್ಕೆ ತಾಗಿ ಅರ್ಧ ನಿಮಿಷವಾಗಿರಲಿಲ್ಲ, ಚಾಕ್‌ಪೀಸಿನ ಗೆರೆ ತೊಳೆದುಕೊಂಡು ಹೋಯಿತು! ಬಟ್ಟೆಯ ಮೇಲೆ ಯಾರಾದರೂ ನೀರು ಹಾಕಿ ಕತ್ತರಿಸುತ್ತಾರೆಯೇ? ಇಲ್ಲಿ ನೀರಿಲ್ಲದೆ ಕತ್ತರಿಸುವಂತಿಲ್ಲ. ಈ ಸಂಗತಿ ಮಾಸ್ತರಿಗೆ ಹೊಳೆದದ್ದು ಗೆರೆ ಮಾಯವಾದ ಮೇಲೆ.

ಹೋಗಲಿ, ಕಣ್ಣಳತೆ ಇದೆಯಲ್ಲ! ಅಂದುಕೊಂಡು ಮುಂದೆ ತಳ್ಳಿದರು. ಅಷ್ಟರಲ್ಲಿ ಕೆಂಪು ಕೆಸರು ಸಿಡಿದು ಹೆಲ್ಮೆಟ್ಟಿನ ಗಾಜು ಮುಚ್ಚಿತು. ಬೆರಳಿಂದ ಒರೆಸಿ ನೋಡುತ್ತಾರೆ, ಕೊಯ್ತ ಎಡಕ್ಕೆ ಓಡುತ್ತಿದೆ! ಅಂಗಿಯ ಕಂಕುಳು ಕತ್ತರಿಸುವಾಗ ಬಟ್ಟೆಯನ್ನು ಹೇಗೆ ನಯವಾಗಿ ತಿರುಗಿಸುತ್ತಿದ್ದರೋ ಹಾಗೆ ಕೈ ತನ್ನಷ್ಟಕ್ಕೆ ತಾನೇ ಕಲ್ಲನ್ನು ಬಲಕ್ಕೆ ತಿರುಗಿಸಿತು. ನೇರವಾಗಿ ಹೋಗುವುದೊಂದನ್ನೇ ಬಲ್ಲ ಬ್ಲೇಡು ಕಲ್ಲಿನೊಳಗೆ ಸಿಕ್ಕಿಕೊಂಡು ಕೀಂಯ್ಯೆಂದು ಕಿರುಚಿತು.

"ಏನ್ರೀ ಅದು ಕಿರುಚಿದ್ದು?" ಹೊರಗಿನಿಂದ ಹೆಂಡತಿ.

"ಮಿಷಿನ್ನು!"

"ಆಮೇಲೆ ಕಿರುಚಿದ್ದು?"

"...ನಾನು!"

"ಕೈಗೇನಾದ್ರೂ ಆಯ್ತಾ?"

"ಕೈಗೇನಿಲ್ಲ, ಸ್ವಲ್ಪ ಫಿಟ್ಟಿಂಗ್ ನೋಡ್ತಿದೀನಿ!"

ಸ್ವಿಚ್ಚು ಆರಿಸಿ, ಕಲ್ಲನ್ನು ಬಿಡಿಸಿ, ಇನ್ನೊಂದು ಕಡೆಯಿಂದ ಕೊಯ್ದು ಅಂತೂ ಎರಡು ಮಾಡಿದರು. ಎರಡೇನೋ ಆಯಿತು. ಆದರೆ ಒಂದು ಭಾಗ ಮಾಸ್ತರಂತೆ ದುಂಡಗೆ, ಇನ್ನೊಂದು ಅವರ ಸಂಬಳದಾಳಿನಂತೆ ಸಣ್ಣಗೆ. ಗಂಟೆ ಹನ್ನೊಂದೂವರೆ.

ಗಾಬರಿಯಾಗುವ ಜಾಯಮಾನ ಮಾಸ್ತರದಲ್ಲ. ಕೋಟು ದೊಡ್ಡದಾದರೆ ಆಲ್ಟರ್ ಮಾಡುವುದಿಲ್ಲವೇ? ಕಿಟಕಿಯ ಸರಳಿಗೆ ಕೋಟಿನ ಹ್ಯಾಂಗರೊಂದನ್ನು ನೇತುಹಾಕಿ, ಎರಡು ತುದಿಗೆ ಎರಡು ಪ್ಲಾಸ್ಟಿಕ್ ಚೀಲ ಕಟ್ಟಿ ಸ್ವಂತ ತಕ್ಕಡಿ ಮಾಡಿದರು. ಅದರ ಮುಂದೆ ಅತ್ತಿಗೆಯ ಯಂತ್ರ ಯಾವ ಮೂಲೆಗೆ! ಎಡಚೀಲ ಧಡಕ್ಕನೆ ಕೆಳಗಿಳಿಯಿತು. ಎಡದಿಂದ ಒಂದು ಬಿಲ್ಲೆ ತೆಗೆದರು. ಇನ್ನೂ ಭಾರ. ಇನ್ನೊಂದು ತೆಗೆದರು. ಈಗ ಬಲ ಭಾರ! ಬಟ್ಟೆಯಾದರೆ ಒಂದೆಳೆ ಕತ್ತರಿಸಬಹುದು. ಕಲ್ಲಿನಲ್ಲಿ ತೆಗೆದರೆ ಬಿಸ್ಕತ್ತಿನಷ್ಟು ದಪ್ಪ ತೆಗೆಯಬೇಕು, ಇಲ್ಲದಿದ್ದರೆ ಪುಡಿಯಾಗುತ್ತದೆ. ಬಲದಿಂದ ಒಂದು ಬಿಲ್ಲೆ ಹೋಯಿತು. ಎಡ ಇಳಿಯಿತು. ಎಡದಿಂದ ಹೋಯಿತು. ಬಲ ಇಳಿಯಿತು.

ಕೊಯ್ದು ಬಿದ್ದ ಬಿಲ್ಲೆಗಳನ್ನೆಲ್ಲ ಮಾಸ್ತರು ಪಾದದಿಂದ ಮೇಜಿನ ಕೆಳಗೆ ತಳ್ಳುತ್ತಿದ್ದರು. ಕತ್ತರಿಸಿ ಉಳಿದ ಚೂರುಬಟ್ಟೆಯನ್ನು ಹಾಗೆ ತಳ್ಳಿ ತಳ್ಳಿಯೇ ಅವರ ಪಾದಕ್ಕೆ ಆ ಬುದ್ಧಿ ಬಂದಿತ್ತು. ಕೆಸರು ಮೆತ್ತಿದ ಆ ತುಂಡುಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ನೋಡಬೇಕಾದ್ದು ಹ್ಯಾಂಗರನ್ನಲ್ಲವೇ!

ಮೂರೂ ಮುಕ್ಕಾಲಿಗೆ ಹ್ಯಾಂಗರು ಅಲ್ಲಾಡದೆ ನೆಟ್ಟಗೆ ನಿಂತಿತು. "ಗೆದ್ದೆ!" ಎಂದು ಮಾಸ್ತರು ಹೆಲ್ಮೆಟ್ಟಿನೊಳಗೇ ಕೂಗಿದರು. ಚೀಲದಿಂದ ಕಲ್ಲುಗಳನ್ನು ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದರು. ಎರಡೂ ಸಮ, ನಿಜ. ಆದರೆ ಬೆಳಗ್ಗೆ ಮುಷ್ಟಿ ತುಂಬುತ್ತಿದ್ದ ಮಾವನ ಕಲ್ಲು ಈಗ ಎರಡು ದೊಡ್ಡ ನೆಲ್ಲಿಕಾಯಿ! ಹೆಂಡತಿ ಅದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಿದ್ದು ಆಗ ಕಣ್ಣ ಮುಂದೆ ಬಂತು.

ನಾಲ್ಕು ಹೊಡೆಯುವುದಕ್ಕೂ ತಕ್ಕಡಿ ಅತ್ತಿಗೆ ಒಳಗೆ ಬರುವುದಕ್ಕೂ ಸರಿಹೋಯಿತು. ಮಾಸ್ತರು ಚಿಲಕ ತೆಗೆದರು. ಹೋದ ತಿಂಗಳು ಬಣ್ಣ ಹೊಡೆಸಿದ ಬಿಳಿಗೋಡೆ ನೆಲದಿಂದ ಕಿಟಕಿಯವರೆಗೆ ಕೆಂಪುಕೆಂಪು. ಹೆಲ್ಮೆಟ್ ತೊಟ್ಟ ಕೆಂಪು ಮನುಷ್ಯನೊಬ್ಬ ನಡುವೆ ನಿಂತು ಎರಡು ಕಲ್ಲು ಚಾಚುತ್ತಿದ್ದಾನೆ.

"ಇದೇನು ಕೊಲೆಗಿಲೆ ಆಯ್ತಾ?" ಎಂದರು ಅತ್ತಿಗೆ.

"ಸಮಪಾಲು ಆಯ್ತು ಅತ್ತಿಗೆ! ತೂಕ ಹಾಕಿ ನೋಡಿ!"

ಅತ್ತಿಗೆ ಕುರ್ಚಿ ಎಳೆದು ಕೂತು, ಕೈಚೀಲದಿಂದ ಯಂತ್ರ ತೆಗೆದು ಮೊದಲನೆಯದನ್ನಿಟ್ಟರು. ತೊಂಬತ್ತಾರು ಗ್ರಾಂ. ಎರಡನೆಯದು? ತೊಂಬತ್ತಾರು!

"ನೋಡಿದ್ರಾ! ಒಂದೆಳೆ ವ್ಯತ್ಯಾಸ ಇಲ್ಲ!" ಮಾಸ್ತರು ಕುಣಿಯುವುದೊಂದು ಬಾಕಿ.

ಹೆಂಡತಿ ಆ ಎರಡು ತುಂಡುಗಳನ್ನೇ ನೋಡುತ್ತಿದ್ದರು. "ರೀ... ಅಪ್ಪನ ಕಲ್ಲು ಇಷ್ಟೇನಾ?" ಎಂದಾಗ ಅವರ ದನಿ ಬಿದ್ದುಹೋಗಿತ್ತು. ಬೈದಿದ್ದರೆ ಮಾಸ್ತರು ತಡೆದುಕೊಳ್ಳುತ್ತಿದ್ದರು. ಈ ದನಿಯನ್ನು ತಡೆದುಕೊಳ್ಳಲು ಆಗಲಿಲ್ಲ, ಅವರು ತಲೆ ತಗ್ಗಿಸಿದರು.

ಅತ್ತಿಗೆ ಮಾತ್ರ ಕೌಂಟರಿನಲ್ಲಿ ಕೂತವರ ಹಾಗೆ ಬೆರಳು ಮಡಚಿದರು. "ತೊಂಬತ್ತಾರು, ತೊಂಬತ್ತಾರು. ನೂರ ತೊಂಬತ್ತೆರಡು. ಕೊಟ್ಟಿದ್ದು ಮುನ್ನೂರ ಹದಿನೆಂಟು. ಉಳಿದಿದ್ದೆಲ್ಲಿ?"

"ಅದು... ಕಟಿಂಗಲ್ಲಿ ಹೋಯ್ತು."

"ಹೋಯ್ತು ಅಂದ್ರೆ ಎಲ್ಲಿಗೆ ಹೋಯ್ತು? ಇಷ್ಟು ವರ್ಷದಲ್ಲಿ ಒಂದು ಪಾರ್ಸೆಲ್ ಕಳ್ಕೊಂಡವಳಲ್ಲ ನಾನು. ತೆಗೀರಿ!"

ಮಾಸ್ತರು ಮೇಜಿನ ಕೆಳಗೆ ತೂರಿ, ಕೆಸರು ಮೆತ್ತಿದ ಬಿಲ್ಲೆಗಳನ್ನು ಒಂದೊಂದಾಗಿ ಹೊರಗೆ ಕೊಟ್ಟರು. ಹೆಂಡತಿ ಅವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದರು. ತೊಳೆದದ್ದರಲ್ಲಿ ಒಂದನ್ನು ಕಿಟಕಿಯತ್ತ ಹಿಡಿದು ನೋಡಿದವರು ಹಾಗೇ ನಿಂತುಬಿಟ್ಟರು.

"ಅಕ್ಕಾ! ಅಕ್ಕಾ, ಇಲ್ಲಿ ಬಾ! ಬೇಗ ಬಾ!"

ಬಿಸಿಲು ಆ ತೆಳು ಬಿಲ್ಲೆಯೊಳಗಿಂದ ಹಾದು ಬರುತ್ತಿತ್ತು. ಒಳಗೆಲ್ಲ ಸುತ್ತುಸುತ್ತು ಗೆರೆಗಳು! ಕೆಂಪು, ಅದರೊಳಗೆ ಕಿತ್ತಳೆ, ಅದರೊಳಗೆ ಹಾಲುಬಿಳಿ, ನಟ್ಟನಡುವೆ ಜೇನಿನ ಬಣ್ಣದ ಒಂದು ಚುಕ್ಕಿ. ಅಕ್ಕ ಇನ್ನೊಂದನ್ನು ಎತ್ತಿ ಹಿಡಿದರು. ಅದರ ಗೆರೆಗಳೇ ಬೇರೆ! ಇಪ್ಪತ್ತು ವರ್ಷ ಕಿತ್ತಾಡಿದ ಇಬ್ಬರೂ ಒಂದೇ ಕಿಟಕಿಯಲ್ಲಿ ತಲೆಗೆ ತಲೆ ತಾಗಿಸಿ ನಿಂತರು.

"ಅಪ್ಪ ಇದನ್ನ ನೋಡ್ಲೇ ಇಲ್ವಲ್ಲೇ," ಎಂದರು ಅಕ್ಕ ಮೆಲ್ಲಗೆ. "ಹೊರಗಿನ ಬಣ್ಣ ನೋಡಿಯೇ ಅಷ್ಟು ದೂರ ಹೊತ್ತು ತಂದ್ರು."

ತಂಗಿ ಅಕ್ಕನ ತೋಳು ಹಿಡಿದುಕೊಂಡರು. ಮೇಜಿನ ಕೆಳಗಿದ್ದ ಮಾಸ್ತರಿಗೂ ಕಣ್ಣು ತೇವವಾಯಿತು. ಅದಕ್ಕಿಂತ ಬೇಗ ಎದೆ ಉಬ್ಬಿತು. ಎಲ್ಲ ತನ್ನ ಕೈಚಳಕವೇ ತಾನೇ!

ಪಾಲು ಹಂಚಿಕೆ ನಗುನಗುತ್ತ ಶುರುವಾಯಿತು. ದುಂಡು ಕಲ್ಲು ಆಳಿಗೊಂದು. ಬಿಲ್ಲೆಗಳು ನಿನಗೊಂದು, ನನಗೊಂದು. ನಿನಗೊಂದು, ನನಗೊಂದು. ನಿನಗೊಂದು, ನನಗೊಂದು. ಆಮೇಲೆ ಮೇಜಿನ ಮೇಲೆ ಒಂದು ಉಳಿಯಿತು! ಏಳನೆಯದು. ಎಲ್ಲಕ್ಕಿಂತ ಚೆಂದದ್ದು. ನಗು ನಿಂತಿತು. ಅಕ್ಕ ತಂಗಿಯನ್ನು ನೋಡಿದರು, ತಂಗಿ ಅಕ್ಕನನ್ನು ನೋಡಿದರು. ಇಬ್ಬರ ಕೈಯೂ ಒಟ್ಟಿಗೆ ಮುಂದೆ ಬಂತು.

ಇನ್ನು ಇಪ್ಪತ್ತು ವರ್ಷಕ್ಕೆ ಸಾಕಾಗುವಷ್ಟು ಜಗಳ ಆ ಬಿಲ್ಲೆಯಲ್ಲಿರುವುದು ಮಾಸ್ತರಿಗೆ ಕಂಡಿತು. ತಡಮಾಡಲಿಲ್ಲ. ಹೆಲ್ಮೆಟ್ ಎತ್ತಿಕೊಂಡು ನುಗ್ಗಿದರು. "ಇಲ್ಲಿ ಕೊಡಿ, ಒಂದೇ ನಿಮಿಷ! ಸಮ ಎರಡು ಮಾಡ್ತೀನಿ!"

"ಬೇಡ!"

ಅಕ್ಕತಂಗಿಯರು ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಆಡಿದ್ದರು!

ಅತ್ತಿಗೆ ಎದ್ದು ಗರಗಸದ ಪ್ಲಗ್ಗನ್ನು ಕಿತ್ತರು. ವೈರನ್ನು ನೀಟಾಗಿ ಸುತ್ತಿ, ಟ್ರೇಯ ನೀರು ಬಕೆಟ್ಟಿಗೆ ಸುರಿದು, ಗರಗಸವನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಮುಚ್ಚಿದರು. "ಆ ಬಿಲ್ಲೆ ನೀನೇ ಇಟ್ಕೊಳ್ಳೇ. ಅದರ ಬದಲಿಗೆ ಇದು ನನ್ನ ಪಾಲು. ನಿನ್ನ ಮನೇಲಿ ಇದು ಇರಬಾರ್ದು."

"ಆಗ್ಲಿ ಅಕ್ಕಾ!" ತಂಗಿ ಅಷ್ಟು ಸಂತೋಷವಾಗಿ ಅಕ್ಕನ ಯಾವ ಮಾತಿಗೂ ಒಪ್ಪಿದವರಲ್ಲ.

"ಅತ್ತಿಗೆ, ಅದು ನನ್ನ ಗರಗಸ..." ಮಾಸ್ತರು ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. "ಹೋಗ್ಲಿ ಬಿಡಿ. ಬೆಳಗ್ಗೆಯಿಂದ ಒದ್ದಾಡಿದ್ದು ನಾನು. ನನಗೇನೂ ಪಾಲಿಲ್ವಾ?"

ಅತ್ತಿಗೆ ಏಳೂ ಬಿಲ್ಲೆಗಳನ್ನು ಯಂತ್ರದ ಮೇಲೆ ಜೋಡಿಸಿ ತೂಗಿದರು. ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮೇಲಿಂದ ಕೆಳಗೆ ನೋಡಿದರು.

"ಇದೆ. ಇನ್ನೂ ಇಪ್ಪತ್ತೆಂಟು ಗ್ರಾಂ ಬರಬೇಕು. ಎಲ್ಲ ಆ ಗೋಡೆ ಮೇಲಿದೆ."

ಹೆಂಡತಿ ಒದ್ದೆಬಟ್ಟೆಯನ್ನು ಮಾಸ್ತರ ಕೈಯಲ್ಲಿಟ್ಟರು. "ತಗೊಳ್ಳಿ, ಪೂರ್ತಿ ನಿಮಗೇ. ಒಣಗೋದ್ರೊಳಗೆ ಒರೆಸ್ಕೊಳ್ಳಿ!"